ಹಗಲಲ್ಲಿ ಕಾಣುವ ವೊಂಬ್ಯಾಟ್

30 ಆಗಸ್ಟ್ 2025, ಶನಿವಾರ. ಹ್ಯಾರಿಸ್ ಪಾರ್ಕ್

ಬುಧವಾರ ಹೊರಡುತ್ತಿದ್ದೇನೆ, ಕೆಲ್ವಿನ್‌ನ ಕಾಡಿಗೆ, ಕೆಲ್ವಿನ್‌ನ ಹೆಂಡತಿಯಾಗಿ, ಇನ್ನು ಅಲ್ಲೇ ಇರಲು. ಇಡ್ಲಿಯಂಥ ಸನ್ನಣ ಬೇಯಲು ಇಟ್ಟಿದ್ದೆ, ಆಗಲೇ ಅವನ ಫೋನ್. ಮಾತಾಡುತ್ತಾ ಮಾತಾಡುತ್ತಾ ನೀರು ಬತ್ತಿ ಪಾತ್ರೆ ಕಪ್ಪಾಯಿತು. ಅಮ್ಮನ ತಂಗಿ ಐರಿನ್ ಮಾವ್ಶಿ ಬೈಯಲಿಲ್ಲ. ಮದುವೆಯಾಗಿ ಎಂಟು ದಿನ ಆದವಳನ್ನು ಯಾರೂ ಬೈಯುವುದಿಲ್ಲ.

ಹನಿಮೂನ್, ಮನೆ, ಎರಡೂ ಒಂದೇ ಕಡೆ. ಎಷ್ಟು ಜನರಿಗೆ ಸಿಗುತ್ತದೆ ಇಂಥದ್ದು? ಮೆಲ್ಬರ್ನ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ, ರೋಸ್‌ಡೇಲ್ ಸ್ಟೇಷನ್. ಅಲ್ಲಿಂದ ನಾಲ್ಕು ಕಿಲೋಮೀಟರ್. ಹೊಳೆ, ಕಾಡು, ಆರು ಕ್ಯಾಬಿನ್. ಕೆಲ್ವಿನ್ ಮತ್ತು ಅವನ ಅಮ್ಮ ನಡೆಸುವ ಫರ್ನ್ ಕ್ರೀಕ್ ನೇಚರ್ ಸೆಂಟರ್. ಜನ ಶುಕ್ರವಾರ ಬಂದು, ಮೂರು ದಿನ ಅವನ ಹಿಂದೆ ನಡೆದು, ಪ್ರಾಣಿ ಹಕ್ಕಿ ನೋಡಿ, ಭಾನುವಾರ ಹೋಗುತ್ತಾರೆ. ಹೆಚ್ಚಿನವರು ನಮ್ಮವರೇ. ಕಾಡೂ ಬೇಕು, ಊಟಕ್ಕೆ ಅನ್ನ ಸಾರೂ ಬೇಕು ಅನ್ನುವವರು.

"ಹನಿಮೂನಿಗೆ ಅತ್ತೆಯೂ ಇರ್ತಾಳಾ ಗ್ಲೆನಿಟಾ?" ಮಾವ್ಶಿ ಕೇಳಿದಳು.

"ಅವರು ಅಡುಗೆಮನೆಯಲ್ಲಿ ಇರ್ತಾರೆ ಮಾವ್ಶಿ."

"ಹಾಗಾದ್ರೆ ನೀನೂ ಅಲ್ಲೇ ಇರ್ತಿ, ಬರ್ಕೋ."

ಮಾವ್ಶಿಯ ಗಂಡ ಹರ್ಮನ್ ಅಂಕಲ್ ಟಿವಿ ನೋಡುತ್ತಲೇ ನಕ್ಕರು. ನಗಲಿ. ಸ್ಟೂಡೆಂಟ್ ಆಗಿ ಬಂದು ಎರಡು ವರ್ಷ ಇವರ ಮನೆಯ ಹಿಂದಿನ ರೂಮಿನಲ್ಲಿ ಇದ್ದವಳು ನಾನು. ಇನ್ನು ನನ್ನದೇ ಮನೆ. ಪಾರ್ಟ್‌ನರ್ ವೀಸಾ ಫಾರ್ಮ್ ಬ್ಯಾಗಿಗೆ ಹಾಕಿಟ್ಟೆ. ಕೆಲ್ವಿನ್ ಸೈನ್ ಒಂದು ಬಾಕಿ. ಅದಾದರೆ ಪಿಆರ್, ಖಾಯಂ ಇಲ್ಲೇ ಇರುವ ಹಕ್ಕು, ತಾನಾಗಿ ಬರುತ್ತದೆ.

ಇದನ್ನು ಕನ್ನಡದಲ್ಲೇ ಬರೆಯಬೇಕೆಂದು ಶುರು ಮಾಡಿದೆ. ಬೆಂದೂರಿನ ಇಂಗ್ಲಿಷ್ ಮೀಡಿಯಂ ಹುಡುಗಿ, ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ. ಕೆಲ್ವಿನ್ ಮೆಲ್ಬರ್ನ್‌ನಲ್ಲಿ ಹುಟ್ಟಿದವ, ಅವನಮ್ಮ ಮುಂಬೈಯಲ್ಲಿ ಬೆಳೆದವರು. ಇಬ್ಬರಿಗೂ ಓದಲು ಬರುವುದಿಲ್ಲ. ಅವನನ್ನು ಎಷ್ಟು ಬೇಕಾದರೂ ಹೊಗಳಬಹುದು.

4 ಸೆಪ್ಟೆಂಬರ್, ಗುರುವಾರ. ಫರ್ನ್ ಕ್ರೀಕ್

ಎಲ್ಲಿಂದ ಬರೆಯಲಿ... ಬೆಳಗಾದರೆ ಕುಕಬರಾ ಹಕ್ಕಿಗಳು ನಗುತ್ತವೆ, ನಿಜವಾಗಿ ನಗುತ್ತವೆ, ಮದುವೆಮನೆಯ ಗಂಡಸರ ಹಾಗೆ. ಹೊಳೆ ಮೇಲೆ ಮಂಜು. ಅಂಗಳದಲ್ಲಿ ಮೂರು ಕಾಂಗರೂ. ಕಿಟಕಿಯಿಂದ ಹತ್ತು ನಿಮಿಷ ನೋಡಿದೆ. ದೋಸೆ ಸೀದಿತು.

ಅತ್ತೆ ಅಪೊಲೊನಿಯಾ. ಮಾಂಯ್ ಅಂತ ಕರೆಯುತ್ತೇನೆ. ಸೀದ ದೋಸೆಯನ್ನು ನನ್ನ ತಟ್ಟೆಗೇ ಹಾಕಿದರು. "ಕಾಂಗರೂ ನೋಡಿದವಳಿಗೆ," ಅಂದರು. ತಮಾಷೆಯ ಜನ.

ಕೆಲ್ವಿನ್ ಪ್ರತಿ ನಡಿಗೆಗೂ ಮೊದಲು ಗೆಸ್ಟ್‌ಗಳಿಗೆ ಹೇಳುವ ಮಾತನ್ನು ನನಗೂ ಹೇಳಿ ತೋರಿಸಿದ: "ನಾವು ನೋಡೋರು. ಮುಟ್ಟೋರಲ್ಲ, ತಿನ್ನಿಸೋರಲ್ಲ, ಬದಲಾಯಿಸೋರಲ್ಲ." ಖಾಕಿ ಹ್ಯಾಟ್, ಕುತ್ತಿಗೆಗೆ ಬೈನಾಕ್ಯುಲರ್, ಮೆಲ್ಲಗಿನ ಧ್ವನಿ. ಮೈ ಜುಮ್ಮೆಂದಿತು. ಇವನು ನನ್ನವನು.

ನಮಗೆಂದು ಇಟ್ಟಿದ್ದ ಕ್ಯಾಬಿನ್ ಬುಕ್ ಆಗಿಬಿಟ್ಟಿದೆಯಂತೆ. ಆಫೀಸಿನಲ್ಲಿ ಸೋಫಾ ಬಿಚ್ಚಿ ಮಲಗುತ್ತೇವೆ. ಪ್ರಿಂಟರ್ ಪಕ್ಕದಲ್ಲಿ ಹನಿಮೂನ್ — ಇದನ್ನೂ ಒಂದು ದಿನ ಹೇಳಿಕೊಂಡು ನಗಬಹುದು.

9 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 10.30

ನಾನು ಸ್ಪಾಟರ್ ಆದೆ. ಗೆಸ್ಟ್‌ಗಳು ಏಳುವ ಮೊದಲೇ, ಐದಕ್ಕೆ, ಒಬ್ಬರು ಕಾಡು ಸುತ್ತಿ ಬರಬೇಕು. ಯಾವ ಮರದಲ್ಲಿ ಕೊಆಲಾ, ಯಾವ ಪೊದೆಯಲ್ಲಿ ಲೈರ್‌ಬರ್ಡ್ ಹಕ್ಕಿ, ನೋಡಿಟ್ಟು ಗೈಡ್‌ಗೆ ಹೇಳಬೇಕು. ಆಮೇಲೆ ಗೈಡ್ ಅಲ್ಲಿಗೆ ಹೋಗಿ, ಆಗ ತಾನೇ ಕಂಡ ಹಾಗೆ ನಿಲ್ಲುತ್ತಾನೆ. ಗೆಸ್ಟ್‌ಗಳಿಗೆ ಹೇಳುವಂತಿಲ್ಲ. ಮೊದಲಿದ್ದ ಹುಡುಗಿ ಬಿಟ್ಟುಹೋದಳಂತೆ.

ನನ್ನ ಕಣ್ಣು ಚುರುಕು. ಇದು ನನಗೇ ಗೊತ್ತಿರಲಿಲ್ಲ. ನಾಲ್ಕೇ ದಿನದಲ್ಲಿ ಆರು ಕೊಆಲಾ. ಇವತ್ತು ಅದಕ್ಕಿಂತ ದೊಡ್ಡದು. ಹೊಳೆಯಂಚಿನ ಇಳಿಜಾರು, ಹೊತ್ತು ಮೇಲೇರಿದೆ, ಬಿಲದ ಹೊರಗೆ ಬಿಸಿಲಿನಲ್ಲಿ ಒಂದು ವೊಂಬ್ಯಾಟ್. ಕರಡಿಮರಿಯನ್ನು ಮೇಲಿನಿಂದ ಒತ್ತಿ ಕುಳ್ಳ ಮಾಡಿದ ಹಾಗೆ. ರಾತ್ರಿ ಮಾತ್ರ ಹೊರಗೆ ಬರುವ ಪ್ರಾಣಿ, ನನ್ನಿಂದ ಐದು ಹೆಜ್ಜೆ ದೂರ ಹುಲ್ಲು ಮೇಯುತ್ತಿತ್ತು. ಓಡಲಿಲ್ಲ. ತಲೆಯೂ ಎತ್ತಲಿಲ್ಲ. ಎಷ್ಟು ಪಾಪದ್ದು. ಬಾಯಮ್ಮ ಅಂತ ಹೆಸರಿಟ್ಟೆ. ಊರಲ್ಲಿ ಮೀನಿನವಳು ಅಮ್ಮನನ್ನು ಕರೆಯುತ್ತಿದ್ದ ಹೆಸರು.

ಓಡಿಬಂದು ಹೇಳಿದೆ. ಕೆಲ್ವಿನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಗೇಟಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದೆ, ಮೂರು ದಿನದಲ್ಲಿ ವೊಂಬ್ಯಾಟ್ ಕಾಣದಿದ್ದರೆ ಇನ್ನೊಂದು ವೀಕೆಂಡ್ ಫ್ರೀ ಎಂದು. "ಇನ್ನು ಸೀಸನ್ ಪೂರ್ತಿ ಚಿಂತೆಯಿಲ್ಲ," ಅಂದ. ಮಾಂಯ್ ಕೂಡ ಟೀ ಮಾಡಿಕೊಟ್ಟರು. ಮೊದಲ ಸಲ.

14 ಸೆಪ್ಟೆಂಬರ್, ಭಾನುವಾರ

ನಿನ್ನೆ ರಾತ್ರಿ ಊಟದ ಟೇಬಲ್ಲಿನಲ್ಲಿ ಹದಿನಾಲ್ಕು ಜನ. ಒಬ್ಬರು ಕೇಳಿದರು, ಇಷ್ಟು ಒಳ್ಳೆಯ ಹೆಂಡತಿ ಎಲ್ಲಿ ಸಿಕ್ಕಳು ಅಂತ.

"ಹ್ಯಾರಿಸ್ ಪಾರ್ಕ್," ಕೆಲ್ವಿನ್ ಅಂದ. "ಸ್ಟೂಡೆಂಟ್ ವೀಸಾ ಮುಗಿಯೋಕೆ ಐದೇ ತಿಂಗಳು ಇತ್ತು. ಕಣ್ಣು ಮುಚ್ಚಿ ಯೆಸ್ ಅಂದ್ಲು. ಎಕ್ಸ್‌ಪೈರಿ ಡೇಟ್ ಹತ್ತಿರ ಬಂದ ಮಾಲು, ಚೀಪಾಗಿ ಸಿಕ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ಸಾರಿನ ಪಾತ್ರೆ ಇತ್ತು, ಸ್ವಲ್ಪ ಚೆಲ್ಲಿತು. "ನೋಡಿ, ಲೀಕ್ ಕೂಡ ಇದೆ," ಅಂದ. ಮತ್ತೆ ನಗು.

ಆಮೇಲೆ ಆಫೀಸಿನಲ್ಲಿ ಕೇಳಿದೆ. ಗೆಸ್ಟ್‌ಗಳಿಗೆ ಜೋಕ್ ಬೇಕು ಗ್ಲೆನಿ, ಇಷ್ಟಕ್ಕೆಲ್ಲ ಮುಖ ಮಾಡಬೇಡ ಅಂದ. ಸರಿ. ನನಗೆ ತಮಾಷೆ ಬೇಗ ಅರ್ಥವಾಗುವುದಿಲ್ಲ. ಕಲಿಯುತ್ತೇನೆ.

ವೀಸಾ ಫಾರ್ಮ್ ಪ್ರಿಂಟರ್ ಮೇಲೆ ಇಟ್ಟಿದ್ದೇನೆ, ಕಣ್ಣಿಗೆ ಬೀಳುವ ಹಾಗೆ.

20 ಸೆಪ್ಟೆಂಬರ್, ಶನಿವಾರ. ಮಧ್ಯಾಹ್ನ

ಇವತ್ತಿನ ಗುಂಪಿನಲ್ಲಿ ಬೆಳಗಾವಿ ಕಡೆಯ ಮಡಿವಾಳಪ್ಪ ಅಂಕಲ್, ಅವರ ಹೆಂಡತಿ ಗೌರಕ್ಕ. ಮಗ ಕಿರಣಕುಮಾರ ಕ್ರಾನ್‌ಬರ್ನ್‌ನಲ್ಲಿ ಇದ್ದಾರೆ, ಅಪ್ಪ ಅಮ್ಮನಿಗೆ ವೊಂಬ್ಯಾಟ್ ತೋರಿಸಲು ಕರೆತಂದಿದ್ದಾರೆ. ಅಂಕಲ್ ಪಶುವೈದ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರು.

ಹನ್ನೊಂದಕ್ಕೆ ಬಾಯಮ್ಮನ ಹತ್ತಿರ ಹೋದೆವು. ಎಲ್ಲರೂ ಹಗ್ಗದ ಆಚೆ ನಿಂತು ಫೋಟೋ. ಎಷ್ಟು ಟೇಮ್, ಎಷ್ಟು ಕ್ಯೂಟ್. ಅಂಕಲ್ ಮಾತ್ರ ಬೈನಾಕ್ಯುಲರ್ ಇಳಿಸಿ ನನ್ನ ಕಡೆ ತಿರುಗಿದರು.

"ತಂಗಿ, ಅದರ ಮೈ ನೋಡು. ಬೆನ್ನಾಗ ಕೂದಲಿಲ್ಲ. ಚರ್ಮ ಹಕ್ಕಳಿ ಕಟ್ಟಿ ಬಿರಿಕ್ ಬಿಟ್ಟೈತಿ. ಕಜ್ಜಿ ಇದು. ಹುಳ ಚರ್ಮದಾಗ ಹೊಕ್ಕು ಕೊರಿತಾವ."

"ಆದ್ರೆ ಎಷ್ಟು ಸಾಧು ಇದೆ ಅಂಕಲ್. ಓಡೋದೇ ಇಲ್ಲ."

"ಸಾಧು ಅಲ್ಲವ್ವ. ಕುಡ್ಡ ಆಗೇತಿ. ಕಣ್ಣಿನ ಸುತ್ತ ಹಕ್ಕಳಿ ಬೆಳದು ಮುಚ್ಚೇತಿ, ಕಿವ್ಯಾಗೂ ಅದ. ನಾವು ಬಂದಿದ್ದು ಅದಕ್ಕ ಗೊತ್ತ ಆಗಿಲ್ಲ. ರಾತ್ರಿ ಪ್ರಾಣಿ ಹಗಲಿ ಯಾಕ ಹೊರಗ ಬಂತು? ತುರಿಸಿ ತುರಿಸಿ ಸುಸ್ತಾಗತೈತಿ, ರಾತ್ರಿ ಮೇದದ್ದು ಸಾಲೂದಿಲ್ಲ. ಹಸಿವಿ."

"ರಿಟೈರ್ ಆಗಿ ಹತ್ತ ವರ್ಷ ಆತು," ಗೌರಕ್ಕ ಅವರ ತೋಳು ಜಗ್ಗಿದರು. "ಇಲ್ಲಿಗೆ ಬಂದರೂ ನಿಮಗ ಡ್ಯೂಟಿ. ಸುಮ್ನ ನೋಡ್ರಿ."

"ಔಷಧ ಐತಿ ಇದಕ್ಕ. ಬೆನ್ನಿಗೆ ಸುರಿಯೂದು, ವಾರಕ್ಕೊಮ್ಮೆ. ಎರಡು ತಿಂಗಳದಾಗ ಆರಾಮ ಆಗತೈತಿ."

ಕೆಲ್ವಿನ್‌ಗೆ ಕನ್ನಡ ಗೊತ್ತಿಲ್ಲ, ಆದರೆ ಧ್ವನಿ ಗೊತ್ತಾಯಿತು. ಏನಂತೆ ಅಂದ. ಕಿರಣಕುಮಾರ ಇಂಗ್ಲಿಷಿನಲ್ಲಿ ಹೇಳಿದರು. ಕೆಲ್ವಿನ್ ಎಲ್ಲರಿಗೂ ಕೇಳುವ ಹಾಗೆ, ನಗುತ್ತಾ, "ಅಂಕಲ್, ಬೆಳಗಾವಿಯಲ್ಲಿ ವೊಂಬ್ಯಾಟ್ ಇದ್ವಾ?" ಅಂದ. ಮಗ ಅದನ್ನೂ ಅನುವಾದ ಮಾಡಬೇಕಾಯಿತು. ಗುಂಪು ನಕ್ಕಿತು.

"ಇರಲಿಲ್ರಿ," ಅಂಕಲ್ ಅಂದರು. "ಕಜ್ಜಿ ಇತ್ತು."

ಇದನ್ನು ಯಾರೂ ಅನುವಾದ ಮಾಡಲಿಲ್ಲ. ಅಲ್ಲಿಂದ ಹೊರಡುವಾಗ ಅಂಕಲ್ ನನ್ನ ಅಂಗೈಯಲ್ಲಿ ಮಗನ ಫೋನ್ ನಂಬರಿನ ಚೀಟಿ ಇಟ್ಟರು.

21 ಸೆಪ್ಟೆಂಬರ್, ಭಾನುವಾರ. ಸಂಜೆ 4

ಗೆಸ್ಟ್‌ಗಳು ಹೋದರು. ಕೆಲ್ವಿನ್ ಹೊಳೆಯ ಹತ್ತಿರ ಬೂಟು ತೊಳೆಯುತ್ತಿದ್ದ. ಪಕ್ಕದಲ್ಲಿ ಕೂತೆ. ಬಾಯಮ್ಮನಿಗೆ ಕಾಯಿಲೆ, ಡಾಕ್ಟರಿಗೆ ಹೇಳೋಣ ಅಂದೆ.

"ಗೊತ್ತು," ಅಂದ.

"ಯಾವಾಗಿಂದ?"

"ನೀನು ಹಗಲಲ್ಲಿ ಕಂಡೆ ಅಂದ ದಿನದಿಂದ." ಬ್ರಷ್ ನಿಲ್ಲಿಸಲಿಲ್ಲ. "ಹುಷಾರಾದ ವೊಂಬ್ಯಾಟ್ ರಾತ್ರಿ ಬರುತ್ತೆ, ಶಬ್ದ ಕೇಳಿದ್ರೆ ಓಡುತ್ತೆ. ಅದನ್ನ ಯಾರಿಗೆ ತೋರಿಸ್ಲಿ? ಇಂಥದ್ದು ಒಂದು ಸಿಕ್ಕಿದ್ರೆ ಒಂದು ಸೀಸನ್ ಬರುತ್ತೆ. ಕಳೆದ ವರ್ಷದ್ದು ಕ್ರಿಸ್‌ಮಸ್‌ವರೆಗೂ ಬಂತು."

"ಆಮೇಲೆ?"

"ಆಮೇಲೆ ಇವಳು ಸಿಕ್ಕಿದ್ಲು. ನೀನೇ ಹುಡುಕಿದ್ದು." ಒದ್ದೆ ಕೈಯಿಂದ ನನ್ನ ಮೂಗು ಹಿಡಿದ. "ಗ್ಲೆನಿ, ನಾವು ನೋಡೋರು ಅಷ್ಟೇ. ಪ್ರಕೃತಿ ಅದರ ಕೆಲಸ ಮಾಡುತ್ತೆ."

ಮಾವ್ಶಿಗೆ ಫೋನ್ ಮಾಡಿದೆ. "ಒಂದು ಹೆಗ್ಗಣಕ್ಕೋಸ್ಕರ ಗಂಡನ ಹತ್ರ ಜಗಳ ಮಾಡ್ತೀಯಾ? ಸೈನ್ ಆಗ್ಲಿ ಮೊದಲು," ಅಂದಳು.

30 ಸೆಪ್ಟೆಂಬರ್, ಮಂಗಳವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ. ಒಂಬತ್ತು ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಬಾಯಮ್ಮ ಎಲ್ಲಿದ್ದಾಳೆಂದು ನೋಡಿ ಬಂದು ಹೇಳಿದೆ. ಅವಳು ಕಾಲು ಎತ್ತಿ ಹೊಟ್ಟೆ ತುರಿಸಿಕೊಳ್ಳುವಾಗ ಗೆಸ್ಟ್‌ಗಳು ನಗುತ್ತಾರೆ. ಡ್ಯಾನ್ಸ್ ಅನ್ನುತ್ತಾರೆ. ರಕ್ತ ಬರುವುದು ಅಷ್ಟು ದೂರಕ್ಕೆ ಕಾಣಿಸುವುದಿಲ್ಲ.

ಇವತ್ತು ನನ್ನ ಹೆಸರಿಗೆ ಪಾರ್ಸೆಲ್. ಗೌರಕ್ಕ ಕಳಿಸಿದ ಶೇಂಗಾ ಹೋಳಿಗೆ, ಚಟ್ನಿಪುಡಿ. ಮಾಂಯ್ ಅಲ್ಲೇ ನಿಂತು ಎರಡು ಹೋಳಿಗೆ ತಿಂದರು. ಚಟ್ನಿಪುಡಿಯ ಅಡಿಯಲ್ಲಿ ಇನ್ನೊಂದು ಪೊಟ್ಟಣ: ಔಷಧದ ಬಾಟಲ್, ಗ್ಲವ್ಸ್, ಒಂದು ಪ್ಲಾಸ್ಟಿಕ್ ಹಾಳೆ, ತಂತಿ. ನಾನು ಚೀಟಿಯ ನಂಬರಿಗೆ ಫೋನ್ ಮಾಡಿದ ಮೇಲೆ ಕಿರಣಕುಮಾರ ಯಾರನ್ನೋ ವಿಚಾರಿಸಿ ಕ್ಲೇಟನ್‌ನ ಸೋನಲ್ ಎಂಬ ಹುಡುಗಿಯನ್ನು ಹಿಡಿದಿದ್ದಾರೆ. ವೆಟ್ ನರ್ಸಿಂಗ್ ಓದುತ್ತಾಳೆ, ವೊಂಬ್ಯಾಟ್ ಕಜ್ಜಿಗೆ ಔಷಧ ಹಂಚುವ ವಾಲಂಟಿಯರ್, ಪರ್ಮಿಟ್ ಇದೆ. ಫೋನಿನಲ್ಲಿ ಎಲ್ಲ ಹೇಳಿಕೊಟ್ಟಳು. ಹಾಳೆಯನ್ನು ಬಿಲದ ಬಾಯಿಗೆ ಬಾಗಿಲಿನ ಹಾಗೆ ತೂಗುಬಿಡಬೇಕು. ಮೇಲೆ ಒಂದು ಮುಚ್ಚಳದಲ್ಲಿ ಔಷಧ. ವೊಂಬ್ಯಾಟ್ ತಳ್ಳಿಕೊಂಡು ಹೊರಬಂದಾಗ ಮುಚ್ಚಳ ವಾಲಿ ಬೆನ್ನಿಗೆ ಬೀಳುತ್ತದೆ. ಮುಟ್ಟುವುದೇ ಬೇಡ.

"ನಿಮ್ಮ ಹಸ್ಬೆಂಡ್ ಗೈಡ್ ಅಲ್ವಾ, ಹೆಲ್ಪ್ ಮಾಡ್ತಾರಲ್ಲ?" ಸೋನಲ್ ಕೇಳಿದಳು.

"ಅವರು ಬಿಜಿ," ಅಂದೆ.

5 ಅಕ್ಟೋಬರ್, ಭಾನುವಾರ. ಬೆಳಿಗ್ಗೆ 6

ತೂಗುಬಿಟ್ಟೆ. ಮುಚ್ಚಳ ಎರಡು ಸಲ ನನ್ನ ತೋಳಿಗೇ ಸುರಿಯಿತು. ಆಮೇಲೆ ಮರದ ಹಿಂದೆ ಕಾದೆ. ಬಾಯಮ್ಮ ಹಾಳೆ ತಳ್ಳಿಕೊಂಡು ಬಂದಳು. ಬೆನ್ನ ಮೇಲೆ ಒದ್ದೆ ಗೆರೆ. ಬಾಗಿಲು ಬಿಚ್ಚಿ ಜಾಕೆಟ್ ಒಳಗೆ ಹಾಕಿಕೊಂಡು ಓಡಿದೆ. ಉಪ್ಪಿಟ್ಟು ಮಾಡುತ್ತಾ ಹಾಡಿದೆ. ಏನು ಖುಷಿ ಅಂತ ಮಾಂಯ್ ಕೇಳಿದರು. ಮದುವೆಯಾದ ಖುಷಿ ಅಂದೆ.

14 ಅಕ್ಟೋಬರ್, ಮಂಗಳವಾರ

ಎರಡು ಸಲ ಔಷಧ ಬಿದ್ದಿದೆ. ಇವತ್ತು ಕಂಡದ್ದನ್ನು ಬರೆಯದೆ ಇರಲಾರೆ. ಬಿಲದ ಕತ್ತಲಲ್ಲಿ, ಬಾಯಮ್ಮನ ಹಿಂದೆ, ಇನ್ನೊಂದು ಮುಖ. ಪುಟ್ಟದು. ಎರಡು ಕಣ್ಣೂ ತೆರೆದಿದ್ದವು, ಹೊಳೆಯುತ್ತಿದ್ದವು. ಮರಿ ಇದೆ ಅವಳಿಗೆ. ಮೂಗು ಹೊರಗಿಟ್ಟು, ಗಾಳಿ ಮೂಸಿ, ಒಳಗೆ ಹೋಯಿತು.

ಕೆಲ್ವಿನ್‌ಗೆ ಹೇಳಲಿಲ್ಲ. ಹೇಳಿದರೆ ನಾಳೆಯೇ ಬೋರ್ಡಿನ ಮೇಲೆ ಬರುತ್ತದೆ. ಈ ಮರಿಯೊಂದು ಯಾವ ಲಿಸ್ಟಿನಲ್ಲೂ ಇಲ್ಲದೆ ಇರಲಿ. ನನ್ನೊಬ್ಬಳದು. ಸೋನಲ್‌ಗೂ ಹೇಳಲಿಲ್ಲ.

25 ಅಕ್ಟೋಬರ್, ಶನಿವಾರ

ಬೆನ್ನಿನ ಹಕ್ಕಳೆ ಉದುರುತ್ತಿದೆ. ಒಂದು ಕಣ್ಣು ತೆರೆದಿದ್ದಾಳೆ. ನನ್ನನ್ನು ಕಂಡು ಗುರ್ ಅಂದು ಒಳಗೆ ಓಡಿದಳು. ಖುಷಿಗೆ ಅತ್ತುಬಿಟ್ಟೆ. ಈಗ ಅವಳು ಹೊರಗೆ ಬರುವುದು ಸಂಜೆ ಆರರ ಮೇಲೆ.

ಆದ್ದರಿಂದ ಈ ವೀಕೆಂಡ್ ಯಾರಿಗೂ ಕಾಣಿಸಲಿಲ್ಲ. ಹೋದ ವಾರವೂ. "ಎಲ್ಲಿ ನಿನ್ನ ಬಾಯಮ್ಮ?" ಕೆಲ್ವಿನ್ ಕೇಳಿದ. ಸಿಗಲಿಲ್ಲ ಅಂದೆ. ಅವನು ನನ್ನ ಮುಖವನ್ನು, ಪೊದೆಯೊಳಗಿನ ಹಕ್ಕಿಯನ್ನು ನೋಡುವ ಹಾಗೆ, ಅಲ್ಲಾಡದೆ ನೋಡಿದ.

"ಕಣ್ಣು ಇದೆ ಅಂತ ಇಟ್ಕೊಂಡದ್ದು," ಮಾಂಯ್ ಅಂದರು. "ಅದೂ ಹೋಯ್ತಾ?"

2 ನವೆಂಬರ್, ಭಾನುವಾರ

ಸಿಕ್ಕಿಬಿದ್ದೆ. ಬೆಳಿಗ್ಗೆ ಬಾಗಿಲು ಬಿಚ್ಚುವಾಗ ಹಿಂದೆ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬೈಯಲಿಲ್ಲ. ಹಾಳೆ, ಬಾಟಲ್ ನನ್ನ ಕೈಯಿಂದ ತೆಗೆದುಕೊಂಡ, ಚಳಿ ಅಂತ ತನ್ನ ಜಾಕೆಟ್ ನನ್ನ ಹೆಗಲಿಗೆ ಹಾಕಿದ.

ತಿಂಡಿಯ ಹೊತ್ತಿಗೆ ಗೆಸ್ಟ್‌ಗಳ ಮುಂದೆ ಹಾಳೆ ಎತ್ತಿ ತೋರಿಸಿದ. "ನನ್ನ ಹೆಂಡತಿ ವೊಂಬ್ಯಾಟ್‌ಗೆ ಶವರ್ ಕರ್ಟನ್ ಹಾಕಿದ್ದಾಳೆ. ಮನೆಯಲ್ಲಿ ಗಂಡನಿಗೆ ಟವೆಲ್ ಸಿಗಲ್ಲ." ಮೇಜು ತಟ್ಟಿ ನಕ್ಕರು. ನಾನು ಕಾಫಿ ಬಡಿಸಿದೆ.

ಆಮೇಲೆ ಆಫೀಸಿನಲ್ಲಿ ಫೋನ್ ಕೇಳಿದ. ಕೊಟ್ಟೆ. ಡ್ರಾಯರಿಗೆ ಹಾಕಿ ಬೀಗ ಹಾಕಿದ. "ಸ್ವಲ್ಪ ದಿನ ರೆಸ್ಟ್ ತಗೋ. ಊರಿನವರೆಲ್ಲ ನಿನ್ನ ತಲೆ ಕೆಡಿಸಿದ್ದಾರೆ." ವೀಸಾ ಫಾರ್ಮನ್ನೂ ಅದೇ ಡ್ರಾಯರಿಗೆ.

7 ನವೆಂಬರ್, ಶುಕ್ರವಾರ

ಬೆಳಿಗ್ಗೆ ನನ್ನನ್ನು ಸ್ಪಾಟಿಂಗಿಗೆ ಕಳಿಸಲಿಲ್ಲ. ತಾನೇ ಹೋಗಿದ್ದ. ಬರುವಾಗ ಬಟ್ಟೆಯೆಲ್ಲ ಮಣ್ಣು. ಶಿಳ್ಳೆ ಹಾಕುತ್ತಿದ್ದ.

ಮೂರಕ್ಕೆ ಹೊಸ ಗೆಸ್ಟ್‌ಗಳ ಮೊದಲ ನಡಿಗೆ. ಬಾಯಮ್ಮ ಹೊರಗೆ. ಹಗಲಲ್ಲಿ. ಬಿಲದ ಬಾಯಿಗೆ ಕಬ್ಬಿಣದ ಜಾಲರಿ, ಸುತ್ತ ಮೊಳೆ ಹೊಡೆದು, ಮೇಲೆ ಹೊಳೆಕಲ್ಲು ಪೇರಿಸಿದೆ. ರಾತ್ರಿ ಮೇಯಲು ಹೋದವಳು ವಾಪಸ್ ಬರುವ ಮೊದಲೇ ಮುಚ್ಚಿದ್ದಾನೆ. ಅವಳು ಜಾಲರಿಯ ಪಕ್ಕದಲ್ಲಿ ಮಣ್ಣು ಕೆರೆಯುತ್ತಿದ್ದಳು. ನಿಲ್ಲಿಸದೆ ಕೆರೆಯುತ್ತಿದ್ದಳು.

"ಬಿಲ ತೋಡುವುದನ್ನು ಹಗಲಲ್ಲಿ ನೋಡೋಕೆ ಸಿಗೋದು ತುಂಬ ಅಪರೂಪ," ಕೆಲ್ವಿನ್ ಪಿಸುಗುಟ್ಟಿದ. ಎಲ್ಲರೂ ಫೋನ್ ಎತ್ತಿದರು.

ಮರಿ ಒಳಗಿದೆ. ಇದು ನನಗೊಬ್ಬಳಿಗೇ ಗೊತ್ತು.

8 ನವೆಂಬರ್, ಶನಿವಾರ. ಮಧ್ಯಾಹ್ನ 2

ನಿನ್ನೆ ಸಂಜೆಯೇ ಹೇಳಿದೆ. ಕೆಲ್ವಿನ್, ಒಳಗೆ ಮರಿ ಇದೆ, ದಮ್ಮಯ್ಯ, ಕಲ್ಲು ತೆಗಿ. ಅವನ ಮುಖದಲ್ಲಿ ಒಂದು ಕ್ಷಣ ಏನೋ ಬಂತು. ಆಮೇಲೆ, "ನನಗೆ ಯಾಕೆ ಮೊದಲೇ ಹೇಳಲಿಲ್ಲ?" ಅಂದ.

"ಭಾನುವಾರ ಹನ್ನೊಂದಕ್ಕೆ ಚೆಕ್‌ಔಟ್. ಹನ್ನೊಂದೂವರೆಗೆ ನಾನೇ ತೆಗೀತೀನಿ." ಡ್ರಾಯರ್ ತೆರೆದು ಫಾರ್ಮ್ ಹೊರಗೆ ತೆಗೆದ, ಮೇಲೆ ಪೆನ್ ಇಟ್ಟ. "ನಾಳೆ ಒಂದು ದಿನ ನೀನು ಸುಮ್ಮನಿರು. ಭಾನುವಾರ ಬೆಳಿಗ್ಗೆ ಸೈನ್ ಮಾಡ್ತೀನಿ. ಇಬ್ಬರಿಗೂ ಒಳ್ಳೇದು."

ಈಗ ಮೂವತ್ತಾರು ಡಿಗ್ರಿ. ವೊಂಬ್ಯಾಟ್ ಬಿಸಿಲು ತಡೆಯುವುದಿಲ್ಲ, ಸೆಕೆ ಬಂದರೆ ಬಿಲದ ತಂಪಿಗೆ ಹೋಗಲೇಬೇಕು ಎಂದು ಇದೇ ಕೆಲ್ವಿನ್ ಗೆಸ್ಟ್‌ಗಳಿಗೆ ಹೇಳುವುದನ್ನು ನಾನು ಹತ್ತು ಸಲ ಕೇಳಿದ್ದೇನೆ. ಬಾಯಮ್ಮ ಕೆರೆಯುತ್ತಾಳೆ, ಮಲಗುತ್ತಾಳೆ, ಮತ್ತೆ ಎದ್ದು ಕೆರೆಯುತ್ತಾಳೆ. ಉಗುರಿನಲ್ಲಿ ರಕ್ತ.

ನಾನು ಮೊಸರನ್ನಕ್ಕೆ ಒಗ್ಗರಣೆ ಹಾಕಿದೆ. ಹದಿನಾರು ತಟ್ಟೆ ತೊಳೆದೆ. ಸುಮ್ಮನಿದ್ದೆ.

9 ನವೆಂಬರ್, ಭಾನುವಾರ. ಸಂಜೆ

ಒಂದೊಂದಾಗಿ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ನನ್ನನ್ನು ಕಳಿಸಿದ. ಬಾಯಮ್ಮ ಜಾಲರಿಗೆ ಮುಖ ಒತ್ತಿ ಮಲಗಿದ್ದಳು. ಮುಟ್ಟಿದೆ. ಮರದ ಹಾಗೆ ಗಟ್ಟಿ.

ಬಂದು ಹೇಳಿದೆ. ಕೆಲ್ವಿನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. "ಎಂಟಕ್ಕೆ ಗೆಸ್ಟ್‌ಗಳು ಬರ್ತಾರೆ. ಹಗ್ಗ ಇನ್ನೂ ಇಪ್ಪತ್ತು ಹೆಜ್ಜೆ ಹಿಂದೆ ಹಾಕು," ಅಂದ. ಆಮೇಲೆ ಪೆನ್ ತೆಗೆದು ಫಾರ್ಮಿಗೆ ಸೈನ್ ಮಾಡಿದ. ನೀಟಾಗಿ, ತಾರೀಖು ಸಮೇತ. ನಾನು ಹೋಗಿ ಹಗ್ಗ ಹಿಂದೆ ಹಾಕಿದೆ. ಹೌದು, ನಾನೇ ಹಾಕಿದೆ.

ಎಂಟಕ್ಕೆ ಬಂದರು. "ನಿದ್ದೆ ಮಾಡ್ತಿದ್ದಾಳೆ. ಶಬ್ದ ಬೇಡ." ಎಲ್ಲರೂ ತುದಿಗಾಲಲ್ಲಿ ನಿಂತರು. ಹುಬ್ಬಳ್ಳಿಯ ಅನ್ನಪೂರ್ಣವ್ವ ಎಂಬ ಮುದುಕಿ, ಮಗಳ ಮನೆಗೆ ಬಂದವರು, ಬೈನಾಕ್ಯುಲರ್ ಹಿಡಿದು ಬಹಳ ಹೊತ್ತು ನೋಡಿದರು.

"ಕಣ್ಣ ಮ್ಯಾಲೆ ನೊಣ ಕುಂತಾವು," ಅಂದರು. "ಪಿಳಕ್ ಅನ್ನವಲ್ದು."

ಮಗಳು ಕೆಲ್ವಿನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. "ವೊಂಬ್ಯಾಟ್‌ಗಳು ಕಣ್ಣು ತೆರೆದೇ ಮಲಗ್ತಾವೆ," ಕೆಲ್ವಿನ್ ಅಂದ. ಯಾರೋ ಅದನ್ನು ಬರೆದುಕೊಂಡರು.

ಅನ್ನಪೂರ್ಣವ್ವ ನನ್ನ ಕಡೆ ನೋಡಿದರು. "ಏನವ್ವ, ಹೌದೇನು?"

"ಅಲ್ಲ ಅಜ್ಜಿ. ಸತ್ತಿದ್ದಾಳೆ. ಒಳಗೆ ಮರಿ ಇದೆ."

ಹಗ್ಗ ದಾಟಿದೆ. ಕಲ್ಲು ಎತ್ತಿ ಎಸೆದೆ. ಮೊಳೆ ಬರಲಿಲ್ಲ, ಬೆರಳಿನ ಚರ್ಮ ಬಂತು. ಪಕ್ಕದಲ್ಲಿ ಅನ್ನಪೂರ್ಣವ್ವ, ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕೋಲು ಕೊಟ್ಟು ಜಾಲರಿ ಮೀಟಿದರು. ಬೇರೆ ಯಾರೂ ಬರಲಿಲ್ಲ. ನೋಡೋರು ಮುಟ್ಟೋರಲ್ಲ ಅಂತ ಶುಕ್ರವಾರವೇ ಪಾಠ ಆಗಿತ್ತು.

ತೋಳು ಹೆಗಲವರೆಗೆ ಒಳಗೆ ಹಾಕಿದೆ. ಸಿಕ್ಕಿತು. ತಣ್ಣಗಿತ್ತು. ಎಳೆದಾಗ ನನ್ನ ಬೆರಳನ್ನು ಬಾಯಿಗೆ ಹಾಕಿಕೊಂಡಿತು. ಚೀಪಿತು.

ಹಿಂದೆ ಚಪ್ಪಾಳೆ. ತಿರುಗಿ ನೋಡಿದರೆ ಕೆಲ್ವಿನ್ ಹಗ್ಗದ ಹತ್ತಿರ ನಿಂತು ವಿವರಿಸುತ್ತಿದ್ದಾನೆ: ತಾಯಿ ಕಾಯಿಲೆಯಿಂದ ಹೋಗಿದ್ದಾಳೆ, ನಮ್ಮ ಸೆಂಟರ್ ಮರಿಯನ್ನು ರೆಸ್ಕ್ಯೂ ಮಾಡುತ್ತಿದೆ, ಇಂಥದ್ದನ್ನು ನೋಡುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಒಬ್ಬಳು ಅಳುತ್ತಿದ್ದಳು, ಖುಷಿಗೆ. ಅನ್ನಪೂರ್ಣವ್ವ ಮಾತ್ರ ಕೈ ಕೊಡವಿ, ಅವನ ಮುಂದೆ ಹಾದುಹೋಗುವಾಗ, "ನಿಮ್ಮವ್ವ ಅದಾಳಲ್ಲ ಒಳಗ? ಆಕಿ ಮುಖ ಹೆಂಗ ನೋಡತೀ?" ಅಂದರು. ಅವನು ಥ್ಯಾಂಕ್ಯೂ ಆಂಟಿ ಅಂದ. ಹೊಗಳಿದರು ಅಂದುಕೊಂಡ.

ಮಧ್ಯಾಹ್ನದಿಂದ ಮರಿ ನನ್ನ ಸ್ವೆಟರ್ ಒಳಗೆ. ಎಲ್ಲರೂ ಎಷ್ಟು ಪ್ರೀತಿಯಿಂದಿದ್ದಾರೆ. ಮಾಂಯ್ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿಕೊಟ್ಟರು. ಕೆಲ್ವಿನ್ ಫೋನ್ ವಾಪಸ್ ಕೊಟ್ಟ, ಮರಿಯ ವೀಡಿಯೋ ತೆಗೆಯಲು.

"ಬಾಟಲ್ ಹಾಲಿಗೆ ಬೆಳೆದದ್ದು ಓಡಿಹೋಗಲ್ಲ," ಮಾಂಯ್ ಅಂದರು. "ಗೆಸ್ಟ್‌ಗಳು ಎತ್ಕೊಬಹುದು."

"ಮುಂದಿನ ಸೀಸನ್‌ಗೆ ಬೋರ್ಡ್ ಚೇಂಜ್ ಮಾಡೋಣ," ಕೆಲ್ವಿನ್ ನನ್ನ ಕೂದಲಲ್ಲಿ ಬೆರಳಾಡಿಸಿದ. "ನಿನಗೂ ಒಂದು ಮಗು ಸಿಕ್ಕಿತು. ಹೆಸರು ನೀನೇ ಇಡು."

"ಪರ್ಮಿಟ್ ಬೇಕಲ್ವಾ?"

"ಆಮೇಲೆ ನೋಡೋಣ. ಫಾರ್ಮ್ ಸೈನ್ ಆಗಿದೆ, ಬೇರೆ ಏನು ಬೇಕು ನಿನಗೆ?"

ಹೌದು. ಗಂಡ ಇದ್ದಾನೆ, ಸೈನ್ ಆಗಿದೆ, ಅತ್ತೆ ಟೀ ಮಾಡಿಕೊಡುತ್ತಾರೆ. ಒಂದು ದಿನ ಸುಮ್ಮನಿದ್ದದ್ದಕ್ಕೆ ಇಷ್ಟೆಲ್ಲ ಸಿಕ್ಕಿದೆ. ಇನ್ನೂ ಸುಮ್ಮನಿದ್ದರೆ ಇನ್ನೂ ಸಿಗಬಹುದು.

ಬಚ್ಚಲಿನಿಂದ ಸೋನಲ್‌ಗೆ ಫೋನ್ ಮಾಡಿದೆ, ನಲ್ಲಿ ಬಿಟ್ಟು. ಮರಿಗೆ ಹಸುವಿನ ಹಾಲು ಕೊಡಬೇಡಿ ಅಂದಳು. ಬೆಚ್ಚಗಿಡಿ, ನೀರು ಹನಿ ಹನಿ ಕೊಡಿ, ನಾಳೆಯೊಳಗೆ ಅನಾಥ ಮರಿಗಳನ್ನು ಸಾಕುವ ಶೆಲ್ಟರಿಗೆ ಬರಲೇಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ. ನಿಮಗೆ ಕಾರ್ ಬರುತ್ತಾ? ಇಲ್ಲ. ಹಸ್ಬೆಂಡ್ ತಂದು ಬಿಡ್ತಾರಾ? ಇಲ್ಲ. ಆಮೇಲೆ ಕೇಳಿದಳು: "ನೀವು ಮರಿ ಜೊತೆ ಬಂದ್ರೆ, ವಾಪಸ್ ಹೋಗೋಕಾಗುತ್ತಾ?"

ನಲ್ಲಿ ನಿಲ್ಲಿಸಿದೆ.

ಮಾವ್ಶಿಗೂ ಮಾಡಿದೆ. "ಬಿಟ್ಟು ಬಂದ್ರೆ ಅವನು ವೀಸಾ ಸಿಗದ ಹಾಗೆ ಮಾಡ್ತಾನೆ," ಅಂದಳು. "ಗೊತ್ತಲ್ಲ?" ಗೊತ್ತು. "ನಮ್ಮ ಹಿಂದಿನ ರೂಮು ರೆಂಟಿಗೆ ಕೊಟ್ಟಾಯ್ತು ಗ್ಲೆನಿಟಾ." ಅದೂ ಗೊತ್ತಾಯಿತು.

10 ನವೆಂಬರ್, ಸೋಮವಾರ. ಬೆಳಿಗ್ಗೆ 5.10

ಸ್ಪಾಟಿಂಗ್ ಹೊತ್ತು. ನಾನು ಬೂಟು ಹಾಕುವುದನ್ನು ಕೆಲ್ವಿನ್ ಅರೆನಿದ್ದೆಯಲ್ಲಿ ನೋಡಿದ. "ಹೊಳೆಯ ಆಚೆ ದಡಕ್ಕೂ ಹೋಗು, ಇನ್ನೊಂದು ಬೇಕಲ್ಲ," ಅಂದು ಮಗ್ಗುಲಾದ. ಫಾರ್ಮ್ ಪ್ರಿಂಟರ್ ಮೇಲಿದೆ. ತೆಗೆದುಕೊಳ್ಳಲಿಲ್ಲ.

ಗೇಟಿನ ಹೊರಗೆ, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮರಿಯ ಉಸಿರು ಹೊಟ್ಟೆಗೆ ತಾಗುತ್ತಿದೆ. ಮೊದಲಿಗಿಂತ ನಿಧಾನ. ಸ್ಟೇಷನ್‌ಗೆ ನಾಲ್ಕು ಕಿಲೋಮೀಟರ್, ಇನ್ನು ನಡೆಯಬೇಕು. ಸೋನಲ್ ಟವೆಲ್, ಬಾಟಲ್ ಹಿಡಿದು ಕ್ಲೇಟನ್ ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತಾಳಂತೆ, ಯಾವ ಟ್ರೈನ್ ಅಂತ ಮೆಸೇಜ್ ಹಾಕಿ ಅಂದಿದ್ದಳು. ಹಾಕಿದೆ — ಇವತ್ತೇ, ಸೋಮವಾರ, ರೋಸ್‌ಡೇಲ್ 7.08, ಕ್ಲೇಟನ್ 9.10.